ಗುಡ್ಡದ ಮೇಲೆ ವಿಮಾನ, ಗುಡ್ಡದ ಕೆಳಗೆ ನಾವು

(ತಾಲೂಕು ಮಟ್ಟದ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕಳೆದ ಸಲ ನಾವು ಇದೇ ಸಭಾಂಗಣದಲ್ಲಿ ಸೇರಿದ್ದಾಗ ಸಾಲ ಮರುಪಾವತಿಯ ವಿಷಯ ಮಾತಾಡಿ ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಎಲ್ಲಾ ಕಡೆ ಏರ್‌ಪೋರ್ಟ್ ಆಗ್ತಾ ಉಂಟು ಅಂತ ಪೇಪರಿನಲ್ಲಿ ಬರ್ತದೆ. ಅದರಿಂದ ನಮಗೆ ಎಂತ ಸಿಗ್ತದೆ?" ಸಭೆಯಲ್ಲಿ ಎಲ್ಲರೂ ನಕ್ಕರು. ಊಟಕ್ಕೆ ಹೊತ್ತಾಗಿತ್ತು, ನಾವೂ ಏನೋ ಒಂದು ಹೇಳಿ ತೇಲಿಸಿಬಿಟ್ಟೆವು. ಮನೆಗೆ ಹೋದ ಮೇಲೆ, ಇದು ನಗಾಡುವ ಪ್ರಶ್ನೆಯಲ್ಲ, ಉತ್ತರ ಕೊಡಲೇಬೇಕಾದ ಪ್ರಶ್ನೆ ಅಂತ ಅನ್ನಿಸಿತು. ಆದ್ದರಿಂದ ಇವತ್ತಿನ ಮಾತು ಆ ಅಕ್ಕನಿಗೆ ಕೊಡಬೇಕಾಗಿದ್ದ ಉತ್ತರ. ಅವರು ಇವತ್ತೂ ಬಂದಿದ್ದಾರೆ, ಸಂತೋಷ.

ಮೊದಲು ನಮ್ಮ ಬಜಪೆಯಿಂದಲೇ ಶುರು ಮಾಡೋಣ. 1951ರಲ್ಲಿ ಬಜಪೆಯಲ್ಲಿ ವಿಮಾನ ಇಳಿದಾಗ ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದದ್ದನ್ನು ನಮ್ಮ ಹಿರಿಯರು ಹಬ್ಬದ ಹಾಗೆ ನೆನಪಿಸಿಕೊಳ್ಳುತ್ತಿದ್ದರು. ಆಗ ಇದ್ದದ್ದು ಗುಡ್ಡದ ತಲೆಯನ್ನು ಚಪ್ಪಟೆ ಮಾಡಿದ ಒಂದು ಚಿಕ್ಕ ಓಟದ ದಾರಿ, 1,615 ಮೀಟರ್. ಐವತ್ತೈದು ವರ್ಷ ಅದರಲ್ಲೇ ನಡೆಯಿತು. ಗಲ್ಫಿಗೆ ಹೋಗುವ ನಮ್ಮ ಮಕ್ಕಳು ರಾತ್ರಿ ಬಸ್ಸು ಹತ್ತಿ ಮುಂಬಯಿಗೆ ಹೋಗಿ, ಅಲ್ಲಿ ಯಾರದೋ ಕೋಣೆಯಲ್ಲಿ ಎರಡು ದಿನ ಮಲಗಿ, ಏಜೆಂಟನ ಹಿಂದೆ ಅಲೆದು ವಿಮಾನ ಹತ್ತುತ್ತಿದ್ದರು. ಇಲ್ಲಿ ಕೂತವರಲ್ಲಿ ಎಷ್ಟೋ ತಾಯಂದಿರು ಉಪ್ಪಿನಕಾಯಿ ಭರಣಿ ಕಟ್ಟಿಕೊಟ್ಟು ಬಸ್ ಸ್ಟ್ಯಾಂಡಿನಲ್ಲಿ ಅತ್ತವರೇ. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು, ಅದೇ ವರ್ಷ ಅಕ್ಟೋಬರಿನಲ್ಲಿ ದುಬೈಗೆ ನೇರ ವಿಮಾನ ಶುರುವಾಯಿತು. 2010ರಲ್ಲಿ ಕೆಂಜಾರಿನಲ್ಲಿ ಹೊಸ ಕಟ್ಟಡವೂ ಆಯಿತು. ಈಗ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಇಲ್ಲಿಂದ ಓಡಾಡುತ್ತಾರೆ. ವಿಮಾನ ಬೇಡ ಅಂತ ಹೇಳುವ ಹಕ್ಕು ನಮಗಿಲ್ಲ. ನಮ್ಮ ಎಷ್ಟೋ ಮನೆಗಳ ಹಂಚಿನ ಮಾಡು ತಾರಸಿ ಆದದ್ದು ಆ ವಿಮಾನದ ದೆಸೆಯಿಂದ.

ಹಾಗಾಗಿ ಇವತ್ತಿನ ನಮ್ಮ ಮಾತು ವಿಮಾನಕ್ಕೆ ವಿರುದ್ಧ ಅಂತ ಯಾರೂ ತಿಳಿಯಬಾರದು. ಪ್ರಶ್ನೆ ಇರುವುದು ಹಣದ್ದು. ಹಣ ಯಾರದ್ದು, ಎಲ್ಲಿಗೆ ಹೋಗ್ತದೆ, ಜಾಗ ಕೊಟ್ಟವನ ಕೈಗೆ ಎಷ್ಟು ಬರ್ತದೆ, ಜಾಗವೇ ಇಲ್ಲದವಳಿಗೆ ಎಂತ ಸಿಗ್ತದೆ.

ನಮ್ಮ ರಾಜ್ಯದಲ್ಲಿ ಇಪ್ಪತ್ತು ವರ್ಷಗಳಲ್ಲಿ ಆದ ಕೆಲಸ ನೋಡಿದರೆ ಆಶ್ಚರ್ಯ ಆಗ್ತದೆ. ಬೆಂಗಳೂರಿನಲ್ಲಿ ದೇವನಹಳ್ಳಿಯ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯಿತು. ಅದಕ್ಕೆ ಹೋದ ಜಾಗ ಸುಮಾರು 4,000 ಎಕರೆ. 2019ರಲ್ಲಿ ಎರಡನೇ ರನ್‌ವೇ, 2022ರ ನವೆಂಬರಿನಲ್ಲಿ ಬಿದಿರಿನ ಅಲಂಕಾರದ ಎರಡನೇ ಟರ್ಮಿನಲ್. ಆ ಟರ್ಮಿನಲ್ಲಿಗೇ ಸುಮಾರು 5,000 ಕೋಟಿ ರೂಪಾಯಿ ಖರ್ಚು. 2024-25ರಲ್ಲಿ ಅಲ್ಲಿ ಓಡಾಡಿದ ಪ್ರಯಾಣಿಕರು 4 ಕೋಟಿಗೂ ಹೆಚ್ಚು. ಈಗ ಬೆಂಗಳೂರಿಗೆ ಎರಡನೇ ನಿಲ್ದಾಣ ಬೇಕು ಅಂತ ಕನಕಪುರ ರಸ್ತೆಯಲ್ಲಿ, ನೆಲಮಂಗಲ-ಕುಣಿಗಲ್ ಕಡೆಯಲ್ಲಿ 2025ರಲ್ಲಿ ಜಾಗ ನೋಡಿಕೊಂಡು ಹೋಗಿದ್ದಾರೆ. ಗಡಿಯಾಚೆ ಹೊಸೂರಿನಲ್ಲಿ ತಾವೂ ಒಂದು ಕಟ್ಟುತ್ತೇವೆ ಅಂತ ತಮಿಳುನಾಡು ಸರಕಾರ 2024ರಲ್ಲಿ ಹೇಳಿತು. ಹುಬ್ಬಳ್ಳಿಗೂ ಬೆಳಗಾವಿಗೂ 2017ರಲ್ಲಿ ಹೊಸ ಕಟ್ಟಡ, 2019ರಲ್ಲಿ ಕಲಬುರಗಿ, 2020ರಲ್ಲಿ ಬೀದರ್, 2023ರಲ್ಲಿ ಶಿವಮೊಗ್ಗದ ಸೋಗಾನೆ. ವಿಜಯಪುರ, ಹಾಸನ ಸರದಿಯಲ್ಲಿ ನಿಂತಿವೆ. ನಮ್ಮ ಕರಾವಳಿಯ ಉತ್ತರಕ್ಕೆ ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣದ ಜೊತೆಗೆ ನಾಗರಿಕರಿಗೂ ಒಂದು ಭಾಗ ಮಾಡುವ ಯೋಜನೆ ಉಂಟು.

ಇದಕ್ಕೆಲ್ಲ ದುಡ್ಡು ಹಾಕುವವರು ಯಾರು? ಮೂರು ತರಹ ಉಂಟು. ದೇವನಹಳ್ಳಿಯದ್ದು ಖಾಸಗಿ ಕಂಪೆನಿಗಳು ಮತ್ತು ಸರಕಾರ ಸೇರಿ ಮಾಡಿದ್ದು. ಶುರುವಿನಲ್ಲಿ ಖಾಸಗಿಯವರದ್ದು ನೂರಕ್ಕೆ 74 ಪಾಲು, ಉಳಿದ 26 ಸರಕಾರಿ ಸಂಸ್ಥೆಗಳದ್ದು. ಸೋಗಾನೆಯದ್ದು ಪೂರ್ತಿ ರಾಜ್ಯ ಸರಕಾರದ್ದು, ಸುಮಾರು 450 ಕೋಟಿ, ನಡೆಸುವುದೂ ರಾಜ್ಯದ ಸಂಸ್ಥೆಯೇ. ನಮ್ಮ ಮಂಗಳೂರಿನದ್ದು ಮೂರನೇ ತರಹ. ಕಟ್ಟಿದ್ದು ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ, 2020ರ ಅಕ್ಟೋಬರ್ ಕೊನೆಗೆ 50 ವರ್ಷದ ಗುತ್ತಿಗೆಗೆ ಅದಾನಿ ಕಂಪೆನಿಗೆ ಹೋಯಿತು. 2019ರ ಹರಾಜಿನಲ್ಲಿ ಆ ಕಂಪೆನಿ ಒಬ್ಬ ಪ್ರಯಾಣಿಕನ ಲೆಕ್ಕದಲ್ಲಿ 115 ರೂಪಾಯಿ ಪ್ರಾಧಿಕಾರಕ್ಕೆ ಕೊಡುತ್ತೇವೆ ಅಂತ ಬರೆದು ಗೆದ್ದದ್ದು. ಅಹಮದಾಬಾದಿಗೆ ಅದೇ ಕಂಪೆನಿ 177 ಬರೆದಿತ್ತು.

ಹಾಕಿದ ದುಡ್ಡು ವಾಪಸು ಬರುವ ದಾರಿಯನ್ನೂ ತಿಳಿದುಕೊಳ್ಳಿ. ವಿಮಾನ ಇಳಿದರೆ ಶುಲ್ಕ, ನಿಂತರೆ ಶುಲ್ಕ. ಒಳಗಿನ ಅಂಗಡಿ, ಹೋಟೆಲು, ಜಾಹೀರಾತು, ಕಾರು ನಿಲ್ಲಿಸುವ ಜಾಗ, ಇವುಗಳ ಬಾಡಿಗೆ. (ಅಲ್ಲಿ ಒಂದು ಚಾ ಕುಡಿಯುವ ದುಡ್ಡಿನಲ್ಲಿ ನಮ್ಮ ಪೇಟೆಯಲ್ಲಿ ಒಂದು ಮನೆಯವರೆಲ್ಲ ಚಾ ತಿಂಡಿ ಮುಗಿಸಬಹುದು, ಇರಲಿ.) ಇದರ ಮೇಲೆ ಪ್ರಯಾಣಿಕನ ಟಿಕೆಟಿನಲ್ಲಿಯೇ ಸೇರಿಕೊಂಡು ಬರುವ ಬಳಕೆದಾರರ ಅಭಿವೃದ್ಧಿ ಶುಲ್ಕ, ಯು.ಡಿ.ಎಫ್. ಅಂತ ಕರೆಯುವುದು. ದೊಡ್ಡ ನಿಲ್ದಾಣಗಳಲ್ಲಿ ಈ ಶುಲ್ಕವನ್ನು ಐದೈದು ವರ್ಷಕ್ಕೆ ಲೆಕ್ಕ ಹಾಕಿ ನಿಗದಿ ಮಾಡಲಿಕ್ಕೆ ಕೇಂದ್ರದಲ್ಲಿ ಒಂದು ನಿಯಂತ್ರಣ ಪ್ರಾಧಿಕಾರ ಉಂಟು. ಹೆಚ್ಚು ಕಟ್ಟಿದಷ್ಟೂ ಶುಲ್ಕ ಏರುತ್ತದೆ. ಅಂದರೆ ಹೊಳೆಯುವ ಕಲ್ಲಿನ ನೆಲಕ್ಕೂ ಗಾಜಿನ ಗೋಡೆಗೂ ಕೊನೆಗೆ ದುಡ್ಡು ಕೊಡುವವನು ಎರಡು ವರ್ಷಕ್ಕೊಮ್ಮೆ ಗಲ್ಫಿನಿಂದ ಬರುವ ನಮ್ಮ ಹುಡುಗ. ಶುಲ್ಕ ನಿಗದಿ ಮಾಡುವ ಮೊದಲು ಆ ಪ್ರಾಧಿಕಾರ ಲೆಕ್ಕಪತ್ರ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಅಲ್ಲಿಗೆ ವಿಮಾನ ಕಂಪೆನಿಯವರು ಬರೆಯುತ್ತಾರೆ, ವ್ಯಾಪಾರಿಗಳ ಸಂಘದವರು ಬರೆಯುತ್ತಾರೆ. ನಮ್ಮವರು ಬರೆದದ್ದು ನಾವಂತೂ ಕಂಡಿಲ್ಲ.

ಇನ್ನು ಚಿಕ್ಕ ಊರುಗಳ ನಿಲ್ದಾಣದ ಕಥೆ. 2016ರಲ್ಲಿ ಕೇಂದ್ರ ಸರಕಾರ ಉಡಾನ್ ಅಂತ ಯೋಜನೆ ತಂದಿತು. ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತಬೇಕು ಎಂಬುದು ಅದರ ಮಾತು. ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ ಕೆಲವು ಸೀಟುಗಳಿಗೆ 2,500 ರೂಪಾಯಿ ಮಿತಿ, ವಿಮಾನ ಕಂಪೆನಿಗೆ ಆಗುವ ನಷ್ಟವನ್ನು ಮೂರು ವರ್ಷ ಸರಕಾರ ತುಂಬಿಕೊಡುವುದು. ಉದ್ದೇಶ ಒಳ್ಳೆಯದೇ, ನಾವು ಇಲ್ಲ ಅನ್ನುವುದಿಲ್ಲ. ಆದರೆ ಮಹಾಲೇಖಪಾಲರು, ಸಿ.ಎ.ಜಿ. ಅಂತ ಕರೆಯುತ್ತೇವಲ್ಲ, ಅವರು 2023ರಲ್ಲಿ ಕೊಟ್ಟ ವರದಿ ಓದಿದರೆ ಎದೆ ಝಲ್ ಅನ್ನುತ್ತದೆ. ಮೂರನೇ ಸುತ್ತಿನವರೆಗೆ ಮಂಜೂರಾದ 774 ದಾರಿಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸರಕಾರದ ಸಹಾಯ ನಿಂತ ಮೇಲೂ 2023ರ ಮಾರ್ಚಿನಲ್ಲಿ ಓಡುತ್ತಾ ಇದ್ದದ್ದು 54. ನೂರಕ್ಕೆ ಏಳು! ನಮ್ಮ ಸಂಘಗಳಲ್ಲಿ ನೂರು ಜನಕ್ಕೆ ಸಾಲ ಕೊಟ್ಟು ಏಳು ಜನರ ಕಸುಬು ಮಾತ್ರ ಉಳಿದಿದ್ದರೆ ನೀವು ನಮ್ಮನ್ನು ಈ ವೇದಿಕೆಯ ಮೇಲೆ ಕೂರಲು ಬಿಡುತ್ತಿದ್ದಿರಾ?

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ಮೈಸೂರು ನೋಡಿ. ಮಂಡಕಳ್ಳಿಯಲ್ಲಿ 2010ರಲ್ಲಿ ವಿಮಾನ ಬಂತು, ಮರುವರ್ಷವೇ ನಿಂತಿತು. ಆಮೇಲೆ ಬರುವುದು, ಹೋಗುವುದು. ಬೀದರಿಗೆ 2020ರಲ್ಲಿ ಬಂದದ್ದು ಸ್ವಲ್ಪ ಕಾಲಕ್ಕೆ ನಿಂತಿತು, ಮತ್ತೆ ಶುರು, 2023ರ ಕೊನೆಗೆ ಮತ್ತೆ ನಿಂತಿತು, 2025ರಲ್ಲಿ ಪುನಃ ಆರಂಭ. ಬಸ್ಸು ಹೀಗೆ ಮಾಡಿದರೆ ನಾವು ಡಿಪೋದ ಎದುರು ಕೂರುತ್ತೇವೆ. ಕಟ್ಟಡ ಕಟ್ಟಲಿಕ್ಕೆ ಗುತ್ತಿಗೆದಾರ ಉಂಟು, ಉದ್ಘಾಟನೆಗೆ ಮಂತ್ರಿ ಉಂಟು, ದಿನಾ ವಿಮಾನ ಹತ್ತಲಿಕ್ಕೆ ಜನ ಬೇಕಲ್ಲ ಮಾರಾಯ್ರೇ. ಪಕ್ಕದ ಕಣ್ಣೂರಿನಲ್ಲಿ 2018ರ ಡಿಸೆಂಬರಿನಲ್ಲಿ ಮೂರು ಕಿಲೋಮೀಟರಿಗಿಂತ ಉದ್ದದ ರನ್‌ವೇ ತೆರೆದರು, ಮಂಗಳೂರಿಗಿಂತ ದೊಡ್ಡದು. ಆದರೆ ವಿದೇಶೀ ವಿಮಾನ ಕಂಪೆನಿಗಳಿಗೆ ಅಲ್ಲಿ ಇಳಿಯಲು ಕೇಂದ್ರ ಅನುಮತಿ ಕೊಡದ್ದರಿಂದ ಆ ನಿಲ್ದಾಣ ವರ್ಷಗಟ್ಟಲೆ ನಷ್ಟದಲ್ಲಿ ಒದ್ದಾಡಿತು. ಕಾಸರಗೋಡಿನವನು ಮಂಗಳೂರಿಗೆ ಬರಬೇಕೋ ಕಣ್ಣೂರಿಗೆ ಹೋಗಬೇಕೋ ಅಂತ ಎರಡು ನಿಲ್ದಾಣಗಳು ಅವನ ಕೈ ಎಳೆಯುತ್ತಿವೆ.

ಈಗ ಜಾಗದ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು, ದಯವಿಟ್ಟು ಮಕ್ಕಳನ್ನು ಸ್ವಲ್ಪ ಹೊರಗೆ ಆಡಲು ಬಿಡಿ.

ದೇವನಹಳ್ಳಿ ಸೀಮೆ ಚಕ್ಕೋತಕ್ಕೆ, ದ್ರಾಕ್ಷಿಗೆ ಹೆಸರಾದದ್ದು. ನಿಲ್ದಾಣಕ್ಕೆ ಒಮ್ಮೆ ಜಾಗ ಹೋಯಿತು, ಸರಿ. ಆದರೆ ನಿಲ್ದಾಣ ಬಂದ ಮೇಲೆ ಅದರ ಸುತ್ತ ಜಾಗದ ಹಸಿವು ನಿಲ್ಲುವುದಿಲ್ಲ. ರಸ್ತೆ, ಹೋಟೆಲು, ಗೋದಾಮು, ಕೈಗಾರಿಕಾ ಪಾರ್ಕು ಹೀಗೆ ಒಂದರ ಬಾಲ ಹಿಡಿದು ಒಂದು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವಿಮಾನ ತಯಾರಿಕೆಯ ಪಾರ್ಕಿಗೆ ಅಂತ ತೆಗೆದುಕೊಳ್ಳಲು ಸರಕಾರ ಹೊರಟಾಗ ಆ ರೈತರು 2022ರ ಏಪ್ರಿಲಿನಲ್ಲಿ ಧರಣಿ ಕೂತರು. ಮೂರು ವರ್ಷಕ್ಕೂ ಮಿಕ್ಕಿ ಕೂತರು. ಮಳೆಗಾಲ ಮೂರು ಬಂತು, ಹೋಯಿತು. ಸರಕಾರ ಬದಲಾಯಿತು, ಅವರು ಏಳಲಿಲ್ಲ. ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಭೂಸ್ವಾಧೀನ ಕೈಬಿಟ್ಟೆವು ಅಂತ ಹೇಳಿದರು. ಅವರಲ್ಲಿ ದೊಡ್ಡ ಜಮೀನ್ದಾರರು ಕಡಿಮೆ. ಎರಡು ಎಕರೆ, ಮೂರು ಎಕರೆಯವರು, ದಲಿತರು, ಹಾಲು ಹಾಕಿ ರೇಷ್ಮೆ ಬೆಳೆದು ಬದುಕುವವರು. ಅವರ ಹೆಂಗಸರು ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದು ಧರಣಿಯಲ್ಲಿ ಕೂರುತ್ತಿದ್ದರು. ಈ ಮಾತು ನಮ್ಮ ಸಂಘದ ಸೋದರಿಯರಿಗೆ ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ಜಾಗ ತೆಗೆದುಕೊಳ್ಳುವ ಕಾನೂನು ಎರಡು ಉಂಟು. ಒಂದು 2013ರ ಕೇಂದ್ರ ಕಾಯ್ದೆ, 2014ರ ಜನವರಿಯಿಂದ ಜಾರಿಗೆ ಬಂದದ್ದು. ಅದರ ಪ್ರಕಾರ ಹಳ್ಳಿಯ ಜಾಗಕ್ಕೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೂ ಪರಿಹಾರ ಸಿಗಬಹುದು. ಜೊತೆಗೆ ಒಂದು ಮುಖ್ಯ ಮಾತು. ಜಾಗ ಇಲ್ಲದಿದ್ದರೂ, ಮೂರು ವರ್ಷದಿಂದ ಆ ಜಾಗದ ಮೇಲೆ ಕೂಲಿ ಮಾಡಿ ಅಥವಾ ಗೇಣಿಗೆ ಮಾಡಿ ಅದರಿಂದಲೇ ಮುಖ್ಯವಾಗಿ ಬದುಕಿದವರನ್ನೂ ಆ ಕಾಯ್ದೆ ಬಾಧಿತ ಕುಟುಂಬ ಅಂತ ಲೆಕ್ಕ ಹಿಡಿಯುತ್ತದೆ. ಅವರಿಗೂ ಪುನರ್ವಸತಿಯ ಹಕ್ಕು ಉಂಟು. ಕುಟುಂಬಕ್ಕೆ ಒಂದು ಕೆಲಸ, ಇಲ್ಲದಿದ್ದರೆ ಒಂದೇ ಸಲಕ್ಕೆ 5 ಲಕ್ಷ, ಅದೂ ಇಲ್ಲದಿದ್ದರೆ 20 ವರ್ಷ ತಿಂಗಳಿಗೆ 2,000ಕ್ಕೆ ಕಡಿಮೆಯಿಲ್ಲದ ಹಣ, ಇದರಲ್ಲಿ ಒಂದು ಎಂದು ಕಾಯ್ದೆಯ ಪಟ್ಟಿಯಲ್ಲಿಯೇ ಬರೆದಿದೆ.

ಆದರೆ ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಬಳಸುವುದು ಇನ್ನೊಂದು ಕಾನೂನು, 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕಾಯ್ದೆ. ಕೆ.ಐ.ಎ.ಡಿ.ಬಿ. ಅಂದರೆ ನಿಮಗೆಲ್ಲ ಗೊತ್ತು. ಅದರಲ್ಲಿ ಮೊದಲು 28(1)ರ ಪ್ರಾಥಮಿಕ ಪ್ರಕಟಣೆ ಬರುತ್ತದೆ. ಆಮೇಲೆ ಮಾಲೀಕರಿಗೆ ನೋಟೀಸು. ನೋಟೀಸು ಕೈಗೆ ಸಿಕ್ಕಿದ 30 ದಿನದ ಒಳಗೆ ಆಕ್ಷೇಪಣೆ ಬರೆದುಕೊಡಬೇಕು. ಕೊನೆಗೆ 28(4)ರ ಅಂತಿಮ ಪ್ರಕಟಣೆ. ನಮ್ಮವರು ಎಡವುವುದು ಈ ಮೂವತ್ತು ದಿನಗಳಲ್ಲೇ. ನೋಟೀಸು ಬಂದದ್ದು ಸತ್ತುಹೋದ ಅಜ್ಜನ ಹೆಸರಿಗೆ. ಮನೆಯಲ್ಲಿದ್ದವರು "ಇದು ನಮಗಲ್ಲ" ಅಂತ ಗೋಡೆಗೆ ಸಿಕ್ಕಿಸಿಟ್ಟರು. ಹಾಗೆ ಆರು ತಿಂಗಳು ಗೋಡೆಯಲ್ಲಿದ್ದ ನೋಟೀಸನ್ನು ನಾವೇ ಕಣ್ಣಾರೆ ನೋಡಿದ್ದೇವೆ. ಅದರ ಹಿಂದೆ ಹಾಲಿನ ಲೆಕ್ಕ ಬರೆದಿದ್ದರು.

ಆರ್.ಟಿ.ಸಿ. ಈಗಲೂ ಅಜ್ಜನ ಹೆಸರಿನಲ್ಲಿ ಇರುವವರು ಎಷ್ಟು ಜನ? ಕೈ ಎತ್ತಿ. ನೋಡಿ, ಅರ್ಧ ಸಭೆ. ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ ಹಾಕಿ ಸಿಕ್ಕಿದ ಜಾಗ ಐವತ್ತು ವರ್ಷದಿಂದ ಅದೇ ಒಂದು ಹೆಸರಿನಲ್ಲಿ ಕೂತಿದೆ. ಪೌತಿ ಖಾತೆ ಆಗಿಲ್ಲ, ಪಾಲುಪಟ್ಟಿ ಆಗಿಲ್ಲ, ಪೋಡಿ ಆಗಿಲ್ಲ. ಕುಮ್ಕಿಯನ್ನಂತೂ ನಾವು ನಮ್ಮದೇ ಅಂತ ತಿಳಿದಿದ್ದೇವೆ. ಸೊಪ್ಪು ತಂದಿದ್ದೇವೆ, ಗೇರು ನೆಟ್ಟಿದ್ದೇವೆ. ದಾಖಲೆಯಲ್ಲಿ ಅದು ಸರಕಾರಿ ಜಾಗ. ಯೋಜನೆ ಬಂದಾಗ ಮೊದಲು ಹೋಗುವುದು ಅದು, ಮತ್ತು ಜಾಗದ ಬೆಲೆ ಅಂತ ಏನೂ ಬರುವುದಿಲ್ಲ. ಅಕ್ರಮ ಸಕ್ರಮಕ್ಕೆ, 94ಸಿಗೆ ಅರ್ಜಿ ಹಾಕಿ ಹಕ್ಕುಪತ್ರ ಬಾರದವರ ಪಾಡೂ ಸುಮಾರು ಅದೇ. ಐದು ಸೆಂಟ್ಸಿನಲ್ಲಿ ಮನೆ ಕಟ್ಟಿ ಬೀಡಿ ಕಟ್ಟಿ ಬದುಕುವ ಅಕ್ಕಂದಿರು ಯಾವ ಪಟ್ಟಿಯಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಯಾವ ಯೋಜನೆ ಬರಲಿ, ಬಾರದಿರಲಿ, ಕಾಗದಪತ್ರ ಸರಿಮಾಡಿ ಇಡಿ ಅಂತ ನಾವು ವರ್ಷ ವರ್ಷವೂ ಹೇಳುವುದು. ನಿಮಗೆ ಕೇಳಿ ಕೇಳಿ ಬೇಸರ ಬಂದಿರಬಹುದು.

ಇನ್ನೊಂದು ವಿಷಯ. ಒಪ್ಪಂದದ ದರ ಅಂತ ಒಂದು ಕಾಗದ ಮುಂದಿಡುತ್ತಾರೆ. ಅದಕ್ಕೆ ಸಹಿ ಹಾಕಿದರೆ ದುಡ್ಡು ಬೇಗ ಬರುತ್ತದೆ, ನಿಜ. ಆದರೆ ಸಹಿ ಹಾಕಿದ ಮೇಲೆ ಇನ್ನೂ ಹೆಚ್ಚು ಬೇಕು ಅಂತ ಕೋರ್ಟಿಗೆ ಹೋಗುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಓದಿಸಿ, ತಿಳಿದವರಿಗೆ ತೋರಿಸಿ, ಆಮೇಲೆ ಸಹಿ. ಹಾಗಂತ ಕೋರ್ಟಿಗೇ ಹೋಗಿ ಅಂತಲೂ ನಾವು ಹೇಳುವುದಿಲ್ಲ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟ ಸಾವಿರಾರು ಕುಟುಂಬಗಳ ಪರಿಹಾರದ ವ್ಯಾಜ್ಯ ದಶಕಗಳ ಕಾಲ ಎಳೆಯಿತು. ಅರ್ಜಿ ಹಾಕಿದ ತಂದೆ ತೀರಿಹೋಗಿ ಮಗನ ತಲೆ ನರೆಯಿತು. ಅದೇ ಸೀಮೆಯ ಅಲಗೇರಿಯವರಿಗೆ ಈಗ ವಿಮಾನ ನಿಲ್ದಾಣದ ಸರದಿ. ಅವರು "ಮೊದಲು ಮನೆ ತೋರಿಸಿ, ಆಮೇಲೆ ಜಾಗ ಅಳೆಯಿರಿ" ಅಂದರೆ ಅದರಲ್ಲಿ ತಪ್ಪೇನು?

ಪರಿಹಾರದ ಹಣ ಬಂದ ಮೇಲಿನ ಕಥೆಯನ್ನು ಹೇಳಲಿಕ್ಕೆ ನಮಗೆ ಸ್ವಲ್ಪ ಸಂಕೋಚ. ಹೇಳದೆ ಇದ್ದರೆ ತಪ್ಪಾಗುತ್ತದೆ. ಒಂದು ಮನೆಯಲ್ಲಿ ಹಣ ಬಂದದ್ದು ಹಿರಿಮಗನ ಖಾತೆಗೆ. ತಾಯಿಗೆ ಗೊತ್ತಾದದ್ದು ಅಂಗಳದಲ್ಲಿ ಹೊಸ ಕಾರು ಬಂದು ನಿಂತಾಗ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಂದ "ಸುಮ್ಮನೆ ಒಂದು ಸಹಿ" ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದ್ದರು. ಹಬ್ಬಕ್ಕೆ ಕರೆದು, ಊಟ ಹಾಕಿ, ಸೀರೆ ಕೊಟ್ಟು, ಸಹಿ. ನಾಲ್ಕು ವರ್ಷದಲ್ಲಿ ಕಾರೂ ಹೋಯಿತು, ಹಣವೂ ಹೋಯಿತು. ಆ ತಾಯಿ ಈಗ ಮಗಳ ಮನೆಯಲ್ಲಿ ಇದ್ದಾರೆ, ಸೀರೆ ತೆಗೆದುಕೊಂಡು ಸಹಿ ಹಾಕಿದ ಅದೇ ಮಗಳ ಮನೆಯಲ್ಲಿ. ಕಾನೂನು ಏನು ಹೇಳುತ್ತದೆ ಕೇಳಿ. ಹಿಂದೂ ಕುಟುಂಬದಲ್ಲಿ 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು. ಕ್ರೈಸ್ತ ಕುಟುಂಬದಲ್ಲಿ, ಉಯಿಲು ಬರೆಯದೆ ತಂದೆ ತೀರಿಕೊಂಡರೆ, ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಜಂಟಿ ಖಾತೆ ಮಾಡಿ. ಹೆಂಡತಿಯ ಸಹಿ ಇಲ್ಲದೆ ಹಣ ತೆಗೆಯಲು ಆಗದ ಹಾಗೆ ಬ್ಯಾಂಕಿಗೆ ಬರೆದುಕೊಡಿ. ಗಂಡಸರು ಇಲ್ಲಿ ನಾಲ್ಕೇ ಜನ ಇದ್ದೀರಿ, ಬೇಸರ ಮಾಡಬೇಡಿ.

ಎಲ್ಲ ಕಡೆ ಹೀಗೇ ಆಗಬೇಕು ಅಂತ ಇಲ್ಲ. ಕೊಚ್ಚಿಯ ನೆಡುಂಬಾಶೇರಿಗೆ ಹೋಗಿ ಬಂದವರು ಇಲ್ಲಿದ್ದಾರೆ. ಅದು 1999ರಲ್ಲಿ ತೆರೆದದ್ದು. ಸರಕಾರದ ಹತ್ತಿರ ಹಣ ಇರಲಿಲ್ಲ, ದೊಡ್ಡ ಕಂಪೆನಿಯವರೂ ಮುಂದೆ ಬರಲಿಲ್ಲ. ಆಗ ಗಲ್ಫಿನಲ್ಲಿ ದುಡಿಯುವ ಮಲಯಾಳಿಗಳಿಂದ ಷೇರು ಹಣ ಎತ್ತಿದರು. ಸುಮಾರು 10,000 ಅನಿವಾಸಿಗಳು ಪಾಲು ಹಾಕಿದರು, ರಾಜ್ಯ ಸರಕಾರ ದೊಡ್ಡ ಪಾಲುದಾರನಾಯಿತು. ಸುಮಾರು 1,300 ಎಕರೆ ಜಾಗ ಹೋಯಿತು. ಅಲ್ಲಿಯೂ ಗಲಾಟೆ ಆಯಿತು, ಕೋರ್ಟು ಕಚೇರಿ ಆಯಿತು, ಎಲ್ಲರೂ ನಗುನಗುತ್ತಾ ಬಿಟ್ಟುಕೊಟ್ಟರು ಅಂತ ನಾವು ಹೇಳುವುದಿಲ್ಲ. ಆದರೆ ಮನೆ ಕಳೆದುಕೊಂಡ ಎಂಟು ನೂರಕ್ಕೂ ಹೆಚ್ಚು ಕುಟುಂಬಗಳಿಗೆ ಬೇರೆ ಕಡೆ ಜಾಗ ಕೊಟ್ಟರು, ಆ ಮನೆಗಳವರಿಗೆ ನಿಲ್ದಾಣದ ಟ್ಯಾಕ್ಸಿ ಪರವಾನಿಗೆ, ಹೊರೆ ಹೊರುವ ಕೆಲಸ ಕೊಟ್ಟರು. ಆ ಕಂಪೆನಿ ಲಾಭಾಂಶ ಹಂಚಿಕೊಂಡು ಬಂದಿದೆ. 2015ರಿಂದ ಪೂರ್ತಿ ಸೌರಶಕ್ತಿಯಲ್ಲಿ ನಡೆಯುತ್ತಿದೆ, ಫಲಕಗಳ ಕೆಳಗೆ ತರಕಾರಿಯನ್ನೂ ಬೆಳೆಯುತ್ತಾರೆ. ನವಿ ಮುಂಬಯಿಯಲ್ಲಿ 2025ರ ಡಿಸೆಂಬರಿನಿಂದ ಹೊಸ ನಿಲ್ದಾಣ ಶುರುವಾಯಿತಲ್ಲ, ಅಲ್ಲಿ ಜಾಗ ಬಿಟ್ಟವರಿಗೆ ಅಭಿವೃದ್ಧಿ ಮಾಡಿದ ಜಾಗದಲ್ಲಿ ನೂರಕ್ಕೆ 22.5 ಪಾಲು ವಾಪಸು ಕೊಡುವ ಯೋಜನೆ ಮಾಡಿದ್ದರು. ಬರೀ ಚೆಕ್ಕು ಕೊಟ್ಟು ಕಳಿಸುವುದಕ್ಕಿಂತ ಇದು ಮೇಲು ಅಂತ ನಮ್ಮ ಅಭಿಪ್ರಾಯ. ಜಾಗದ ಬೆಲೆ ಏರಿದಾಗ ಬಿಟ್ಟವನಿಗೂ ಸ್ವಲ್ಪ ಏರುತ್ತದೆ.

ನಮ್ಮ ಬಜಪೆ ಕೆಂಜಾರಿನಲ್ಲಿ ನಿಲ್ದಾಣದಿಂದ ಹೊಟ್ಟೆ ಹೊರೆಯುವವರು ಇಲ್ಲ ಅಂತಲ್ಲ. ರಿಕ್ಷಾ, ಟ್ಯಾಕ್ಸಿ, ಹೋಟೆಲು, ಕ್ಲೀನಿಂಗ್, ಟ್ರಾಲಿ, ಸೆಕ್ಯುರಿಟಿ. ಆದರೆ ಹೆಚ್ಚಿನದ್ದು ಗುತ್ತಿಗೆದಾರನ ಕೈಕೆಳಗಿನ ಕೆಲಸ. ಒಳಗೆ ಹೋಗುವ ಪಾಸಿಗೆ ಪೊಲೀಸ್ ತನಿಖೆ ಆಗಬೇಕು, ಮೂರು ಪಾಳಿಯಲ್ಲಿ ದುಡಿಯಬೇಕು, ರಾತ್ರಿ ಎರಡು ಗಂಟೆಗೆ ಪಾಳಿ ಮುಗಿದರೆ ಬಸ್ಸಿಲ್ಲ. ನಿಮ್ಮ ಮಕ್ಕಳಿಗೆ ಪಿ.ಯು.ಸಿ. ಆಗಿದ್ದರೆ ಹಿಂದಿ, ಇಂಗ್ಲಿಷ್ ಮಾತಾಡುವ ಅಭ್ಯಾಸ ಮಾಡಿಸಿ, ಕಂಪ್ಯೂಟರ್ ಕಲಿಸಿ. ಇದೇ ನಮ್ಮ ಕೈಯಲ್ಲಿರುವುದು.

ಕೃಷಿಕರಿಗೆ ಅನುಕೂಲ ಆಗುವ ದಾರಿ ಸರಕು ಸಾಗಾಟದ್ದು. ಶಂಕರಪುರದ ಮಲ್ಲಿಗೆ ಅಟ್ಟೆ ಮುಂಬಯಿಗೆ, ಗಲ್ಫಿಗೆ ಹೋಗುವುದು ನಿಮಗೆ ಗೊತ್ತು. ಬೆಳಿಗ್ಗೆ ಕೊಯ್ದ ಹೂವು ಸಂಜೆಗೆ ಬಾಡುತ್ತದೆ, ಅದಕ್ಕೆ ವಿಮಾನವೇ ಬೇಕು. ತರಕಾರಿ, ಮೀನು ಕೂಡ ಹಾಗೆ. ಗಾಜಿನ ಗೋಡೆಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲು ಶೀತಲ ಕೋಣೆಗೆ ಹಾಕಿ, ಚಿಕ್ಕ ಬೆಳೆಗಾರರ ಸಂಘಕ್ಕೆ ಅಲ್ಲಿ ಒಂದು ಮೂಲೆ ಕೊಡಿ ಅಂತ ಕೇಳುವ ಹಕ್ಕು ನಮಗೆ ಉಂಟು. ಕೇಳಿದ್ದೇವಾ? ಇಲ್ಲ.

ಸುರಕ್ಷತೆಯ ಮಾತು ಬಂದಾಗ ನಾವು ಯಾರೂ 2010ರ ಮೇ 22ನ್ನು ಮರೆಯುವಂತಿಲ್ಲ. ದುಬೈಯಿಂದ ಬಂದ ವಿಮಾನ ಬೆಳಿಗ್ಗೆ ಆರು ಗಂಟೆಯ ಹೊತ್ತಿಗೆ ರನ್‌ವೇಯ ತುದಿ ದಾಟಿ ಕೆಳಗಿನ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ತೀರಿಹೋದರು, ಬದುಕಿದ್ದು ಎಂಟು. ಬೆಂಕಿಗೆ ಮೊದಲು ಕೊಡ ಹಿಡಿದು ಓಡಿದವರು ಗುಡ್ಡದ ಕೆಳಗಿನ ಮನೆಯವರು. ಗುರುತು ಸಿಗದ 12 ದೇಹಗಳನ್ನು ಕೂಳೂರಿನ ಹತ್ತಿರ ಹೊಳೆಯ ಬದಿಯಲ್ಲಿ ಮಣ್ಣು ಮಾಡಿದರು. ತನಿಖೆಯವರು ಪೈಲಟ್ ಇಳಿಸುವುದನ್ನು ಕೈಬಿಡಬೇಕಾಗಿತ್ತು, ಬಿಡಲಿಲ್ಲ ಅಂತ ವರದಿ ಕೊಟ್ಟರು. ಅದು ಸರಿಯೇ ಇರಬಹುದು. ಆದರೆ ತಪ್ಪು ಮಾಡಿದ ವಿಮಾನಕ್ಕೂ ನಿಲ್ಲಲು ಇನ್ನಷ್ಟು ಜಾಗ ಇದ್ದಿದ್ದರೆ? ಹತ್ತು ವರ್ಷದ ಮೇಲೆ, 2020ರ ಆಗಸ್ಟಿನಲ್ಲಿ, ಅಂಥದ್ದೇ ಗುಡ್ಡದ ಮೇಲಿನ ಕೋಝಿಕ್ಕೋಡ್ ನಿಲ್ದಾಣದಲ್ಲಿ ಮಳೆಯಲ್ಲಿ ವಿಮಾನ ಜಾರಿ 21 ಜನ ಸತ್ತರು. ರನ್‌ವೇಯ ತುದಿಯ ಸುರಕ್ಷಾ ಜಾಗವನ್ನು ವಿಸ್ತರಿಸಲಿಕ್ಕೆ ಜಾಗ ಬೇಕು ಅಂತ ಕೇಳಿದರೆ ನಾವು ಬೇಡ ಅನ್ನಬಾರದು. ಅದು ನಮ್ಮದೇ ಮಕ್ಕಳ ಜೀವದ ಪ್ರಶ್ನೆ. ಸುರಕ್ಷತೆಯ ಹೆಸರಿನಲ್ಲಿ ಜಾಗ ತೆಗೆದುಕೊಂಡು ಅಲ್ಲಿ ಹೋಟೆಲು ಕಟ್ಟಬಾರದು, ಅಷ್ಟೆ.

ಗುಡ್ಡದ ಕೆಳಗಿನವರ ಕಷ್ಟ ಬೇರೆ. ಗುಡ್ಡದ ಮೇಲೆ ಎಕರೆಗಟ್ಟಲೆ ಸಿಮೆಂಟು ಡಾಮರು ಹಾಕಿದರೆ ಮಳೆಯ ನೀರು ಇಂಗುವುದಿಲ್ಲ, ಒಟ್ಟಿಗೆ ಕೆಳಗೆ ನುಗ್ಗುತ್ತದೆ. ತೋಡು ಅಗಲ ಮಾಡದೆ ರನ್‌ವೇ ಉದ್ದ ಮಾಡಿದರೆ ಜೂನ್ ತಿಂಗಳಲ್ಲಿ ಗದ್ದೆಗೆ ಕೆಂಪು ಮಣ್ಣು ತುಂಬುತ್ತದೆ, ಮಾರ್ಚಿನಲ್ಲಿ ಬಾವಿ ಒಣಗುತ್ತದೆ. 2021ರ ಜೂನಿನಲ್ಲಿ ಮರವೂರು ಸೇತುವೆಯ ಕಂಬ ಕುಸಿದು ರಸ್ತೆ ಬಂದ್ ಆದಾಗ, ಸಾವಿರಾರು ಕೋಟಿಯ ಮಾತಾಡುವವರೆಲ್ಲ ಬಳಸು ದಾರಿಯಲ್ಲಿ ವಿಮಾನಕ್ಕೆ ಓಡಬೇಕಾಯಿತು. ನಿಲ್ದಾಣದ ಸುತ್ತ ಮನೆ ಎತ್ತರ ಮಾಡಬೇಕಾದರೂ ಪ್ರಾಧಿಕಾರದ ಅನುಮತಿ ಬೇಕು, ಮಾಳಿಗೆ ಕಟ್ಟುವ ಮೊದಲು ಪಂಚಾಯತಿನಲ್ಲಿ ಕೇಳಿಕೊಳ್ಳಿ. ಹತ್ತು ಕಿಲೋಮೀಟರಿನ ಒಳಗೆ ಬಯಲಲ್ಲಿ ಕಸ, ಮಾಂಸದ ತ್ಯಾಜ್ಯ ಬಿಸಾಡುವುದು ಅಪರಾಧ. ಹದ್ದು, ಕಾಗೆ ಬಂದು ಎಂಜಿನಿಗೆ ಸಿಕ್ಕಿಬೀಳುತ್ತವೆ. ಮೀನಿನ ತಲೆ ಬಾಲ ರಸ್ತೆ ಬದಿಗೆ ಎಸೆಯುವವರು ಇದನ್ನು ಕೇಳಿಸಿಕೊಳ್ಳಿ.

ಹೊಸ ನಿಲ್ದಾಣಕ್ಕೆ ಪರಿಸರ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ಮಾಡಬೇಕು ಅಂತ 2006ರ ಅಧಿಸೂಚನೆಯಲ್ಲಿ ಉಂಟು. 30 ದಿನ ಮೊದಲು ಪೇಪರಿನಲ್ಲಿ ಹಾಕಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಾರೆ, ವೀಡಿಯೋ ಮಾಡುತ್ತಾರೆ. ಆ ಸಭೆಗೆ ಹೋಗುವಾಗ ಬರೀ "ಬೇಡ" ಅಂತ ಕೂಗಬೇಡಿ, "ಬೇಕು" ಅಂತಲೂ ಕೂಗಬೇಡಿ. ಬರೆದುಕೊಂಡು ಹೋಗಿ. ನಮ್ಮ ತೋಡು ಎಲ್ಲಿಗೆ ಹೋಗುತ್ತದೆ, ನಮ್ಮ ದೈವಸ್ಥಾನಕ್ಕೆ, ಇಗರ್ಜಿಗೆ, ಮಸೀದಿಗೆ, ಶಾಲೆಗೆ ಹೋಗುವ ಕಾಲುದಾರಿ ಎಲ್ಲಿ, ಜಾಗ ಇಲ್ಲದವರ ಪಟ್ಟಿ ಯಾರು ಮಾಡಿದ್ದು, ದಿನಕ್ಕೆ ಎಷ್ಟು ವಿಮಾನ ಬರುತ್ತದೆ ಅಂತ ಲೆಕ್ಕ ಹಾಕಿದ್ದು ಯಾರು, ಬಾರದಿದ್ದರೆ ಜಾಗ ವಾಪಸು ಕೊಡುತ್ತೀರಾ. ಈ ಕೊನೆಯ ಪ್ರಶ್ನೆಗೆ ಉತ್ತರ ಕೊಡುವಾಗ ಅಧಿಕಾರಿಗಳು ನೀರು ಕುಡಿಯುತ್ತಾರೆ, ನೋಡಿ ಬೇಕಾದರೆ.

ಆ ಅಕ್ಕ ಕೇಳಿದ್ದಕ್ಕೆ ಇಷ್ಟು ಉದ್ದದ ಉತ್ತರ ಆಯಿತು. ಊಟದ ನಂತರ ಪೌತಿ ಖಾತೆಯ ಅರ್ಜಿ ತುಂಬಿಸುವ ಕೆಲಸ ಉಂಟು. ಆರ್.ಟಿ.ಸಿ., ಮರಣ ಪತ್ರ, ವಂಶವೃಕ್ಷ, ಆಧಾರ್ ಇವುಗಳ ಜೆರಾಕ್ಸ್ ತಂದವರು ಎಡಗಡೆಯ ಮೇಜಿಗೆ ಬನ್ನಿ. ಮರಣ ಪತ್ರ ಸಿಗದವರು ಬಲಗಡೆಯ ಮೇಜಿನಲ್ಲಿ ಹೆಸರು, ಊರು ಬರೆಸಿ. ಮುಂದಿನ ಗುರುವಾರ ನಮ್ಮ ಕಾರ್ಯಕರ್ತೆ ನಿಮ್ಮ ಜೊತೆ ನಾಡಕಚೇರಿಗೆ ಬರುತ್ತಾರೆ.